ಬ್ಯಾಂಡ್‌ಸಾ ಮಾರುವ ಮುಂಚೆ ಒಂದು ತುಂಡು ಕತ್ತರಿಸಿದೆ

9 ಮಾರ್ಚ್ 2025, ಭಾನುವಾರ

ಬೆಳಿಗ್ಗೆ ಷೆಡ್ ಬಾಗಿಲು ತೆಗೆದವನು ನೇರ ಬ್ಯಾಂಡ್‌ಸಾ ಹತ್ತಿರ ಹೋದೆ. ಪಟ್ಟಿಯಂಥ ಬ್ಲೇಡ್ ಸುತ್ತುತ್ತಾ ಕಬ್ಬಿಣದ ರಾಡ್ ಕತ್ತರಿಸುವ ಮೆಷಿನ್ ಇದು, ಮಾರಲು ಇಟ್ಟಿದ್ದೇನೆ. ನಿನ್ನೆ ಸಂಜೆ ಬ್ಲೇಡ್ ಹೊತ್ತ ಅದರ ಆರ್ಮ್ ಮೇಲೆತ್ತಿ, ಆರ್ಮನ್ನು ಎತ್ತಿದಲ್ಲೇ ಹಿಡಿಯಬೇಕಾದ ಹೈಡ್ರಾಲಿಕ್ ವಾಲ್ವ್ ಬಿಗಿಯಾಗಿ ಮುಚ್ಚಿ, ಸಿಲಿಂಡರ್ ರಾಡಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ಬಂದಿದ್ದೆ. ಇವತ್ತು ಗೆರೆ ಕಾಣಲೇ ಇಲ್ಲ, ಸಿಲಿಂಡರ್ ಒಳಗೆ ಹೋಗಿಬಿಟ್ಟಿತ್ತು. ಆರ್ಮ್ ರಾತ್ರಿಯಿಡೀ ಇಳಿದು ಇಳಿದು, ನಾನು ಕೆಳಗೆ ಇಟ್ಟಿದ್ದ ಮರದ ದಿಮ್ಮಿಯ ಮೇಲೆ ಬಂದು ಕೂತಿತ್ತು.

ರಾಡಿನ ಸುತ್ತ ಎಣ್ಣೆ ಇಲ್ಲ, ನೆಲವೂ ಒಣಗಿದೆ. ಹಾಗಾದರೆ ಸೋರುತ್ತಿರುವುದು ಒಳಗೇ. ಪಿಸ್ಟನ್ ಸೀಲ್ ಸವೆದಿರಬೇಕು, ಇಲ್ಲವೇ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ರಿಪೇರಿ ದೊಡ್ಡದಲ್ಲ. ಆದರೆ ಗೊತ್ತಿಲ್ಲದವರು ಎತ್ತಿದ ಆರ್ಮ್ ಕೆಳಗೆ ಕೈ ಹಾಕಿ ಕತ್ತರಿಸುವ ರಾಡ್ ಸರಿಸಲು ಹೋದರೆ ಏನಾದೀತು ಅಂತ ಯೋಚಿಸಿದರೇ ಭಯವಾಗುತ್ತದೆ. ಕೊಳ್ಳುವವರಿಗೆ ಮೊದಲು ಹೇಳಬೇಕಾದದ್ದು ಇದನ್ನೇ.

ಈ ಮೆಷಿನ್ ಮಾರುತ್ತಿರುವುದು ಬೇಡವಾಗಿ ಅಲ್ಲ. ಇದರಲ್ಲಿ 200 ಎಂಎಂ ದಪ್ಪದ ರಾಡ್‌ವರೆಗೆ ಕತ್ತರಿಸಬಹುದು. ಈಗ ಬರುವ ಕೆಲಸ ಅದಕ್ಕಿಂತ ದೊಡ್ಡದು. ಎರಡು ಮೆಷಿನ್ ಇಡಲು ಜಾಗ ಇಲ್ಲ, ಅಷ್ಟೇ.

ಗೆಳೆಯ ಒಬ್ಬ ಮೊನ್ನೆ ಬಂದು, "ಒಂದು ಕೋಟ್ ಪೇಂಟ್ ಹೊಡೆಸು, ಬೇಗ ಹೋಗತ್ತೆ" ಅಂದ. ನಾನು ಒಪ್ಪಲಿಲ್ಲ. ಹಳೇ ಮೆಷಿನ್‌ನಲ್ಲಿ ಎಣ್ಣೆ ಎಲ್ಲಿಂದ ಜಿನುಗಿದೆ, ಯಾವ ಬೋಲ್ಟ್ ಬಿಚ್ಚಿ ಹಾಕಿದ್ದಾರೆ, ಎಲ್ಲಿ ವೆಲ್ಡಿಂಗ್ ಆಗಿದೆ ಎಲ್ಲವೂ ಮೈಮೇಲೆ ಬರೆದಿರುತ್ತದೆ. ಪೇಂಟ್ ಹೊಡೆದರೆ ಅದೆಲ್ಲ ಅಳಿಸಿದ ಹಾಗೆ. ಹಿಂದೆ ನಾನೇ ಹೊಳೆಯುವ ಡ್ರಿಲ್ಲಿಂಗ್ ಮೆಷಿನ್ ಒಂದನ್ನು ತಂದು, ಬಣ್ಣ ಕೆರೆದಾಗ ಬಾಡಿಯಲ್ಲಿ ಬಿರುಕು ನೋಡಿದ್ದೇನೆ. ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ಹೀಗಾಗಿ ಇವತ್ತು ಒಂದು ತುಂಡು ಕತ್ತರಿಸಿಯೇ ನೋಡೋಣ ಅಂದುಕೊಂಡೆ. ಹಳೇ ಬ್ಲೇಡ್ ಹಾಕಿದರೆ ತಪ್ಪು ಬ್ಲೇಡಿನದೋ ಮೆಷಿನ್‌ದೋ ಗೊತ್ತಾಗುವುದಿಲ್ಲ. ಹೊಸ ಬೈಮೆಟಲ್ (ಎರಡು ಲೋಹ ಬೆಸೆದ) ಬ್ಲೇಡ್ ತೆಗೆದೆ, 27 ಎಂಎಂ ಅಗಲ, 0.9 ಎಂಎಂ ದಪ್ಪ, ಇಂಚಿಗೆ 4ರಿಂದ 6 ಹಲ್ಲಿನದು. 100 ಎಂಎಂ ಮೈಲ್ಡ್ ಸ್ಟೀಲ್ ರಾಡನ್ನು ಬಿಗಿ ಹಿಡಿಯುವ ವೈಸ್‌ಗೆ ಕೊಟ್ಟೆ. ಬ್ಲೇಡಿನ ವೇಗ ನಿಮಿಷಕ್ಕೆ ಸುಮಾರು 60 ಮೀಟರ್. ಹೊಸ ಹಲ್ಲು ತುಂಬಾ ಚೂಪಾಗಿರುವುದರಿಂದ ಮೊದಲ ಕಟ್‌ಗೇ ಪೂರ್ತಿ ಒತ್ತಡ ಕೊಟ್ಟರೆ ತುದಿ ಮುರಿಯುತ್ತದೆ. ಅರ್ಧ ಫೀಡ್‌ನಲ್ಲಿ, ಅಂದರೆ ಬ್ಲೇಡ್ ಕೆಳಗಿಳಿಯುವ ವೇಗ ಅರ್ಧ ಮಾಡಿ, ನಿಧಾನವಾಗಿ ಬಿಟ್ಟೆ.

ಚೂರುಗಳು ಸಡಿಲವಾಗಿ ಸುರುಳಿ ಸುತ್ತಿಕೊಂಡು ಬಿದ್ದವು. ಪುಡಿಯಾಗಲಿಲ್ಲ, ಸುಟ್ಟು ನೀಲಿ ಆಗಲೂ ಇಲ್ಲ. ಮೋಟಾರ್ ಒಂದೇ ಸಮನೆ ಓಡಿತು, ಕೂಲೆಂಟ್ ಪಂಪ್ ಕೂಡ. ಆ ಸದ್ದು ಕೇಳುತ್ತಾ ನಿಂತಾಗ ಮನಸ್ಸಿಗೆ ಎಷ್ಟು ಹಿತವಾಯಿತು ಅಂದರೆ, ಮಾರುವುದು ಬೇಡ ಅಂತಲೂ ಒಂದು ಗಳಿಗೆ ಅನ್ನಿಸಿತು.

ತುಂಡು ಬಿತ್ತು. ಒರೆಸಿ, ಲಂಬಕೋನ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದೆ. ಮೇಲೆ ಕೂಡಿಕೊಂಡಿದೆ, ಕೆಳಗೆ ಬರುತ್ತಾ ಸಂದು ಅಗಲವಾಗುತ್ತದೆ. ಸಂದು ಅಳೆಯುವ ಫೀಲರ್ ಗೇಜ್ ಹಾಕಿದರೆ ತುದಿಯಲ್ಲಿ ಒಂದೂವರೆ ಎಂಎಂ. ಬ್ಲೇಡ್ ಹೊಸದು, ಟೆನ್ಷನ್ ಸರಿಯಾಗಿದೆ. ಉಳಿದದ್ದು ಬ್ಲೇಡನ್ನು ನೇರ ಹಿಡಿಯುವ ಗೈಡ್. ಎರಡೂ ಗೈಡ್ ಬಿಚ್ಚಿದೆ. ಮುಂದಿನದರ ಕಾರ್ಬೈಡ್ ಪ್ಯಾಡ್‌ನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗುಂಡಿ ಬಿದ್ದಿದೆ. ಬ್ಲೇಡಿನ ಬೆನ್ನಿಗೆ ಒತ್ತು ಕೊಡುವ ಬೇರಿಂಗ್ ತಿರುಗುವುದೇ ಇಲ್ಲ, ಜಾಮ್ ಆಗಿದೆ. ಹೋದ ತಿಂಗಳು ಎರಡು ಬ್ಲೇಡ್ ಬೆನ್ನಿನ ಕಡೆಯಿಂದಲೇ ಸೀಳಿ ತುಂಡಾದದ್ದು ಯಾಕೆ ಅಂತ ಈಗ ಅರ್ಥವಾಯಿತು. ಬ್ಲೇಡ್ ಕಳಪೆ ಅಂತ ಬೈದುಕೊಂಡಿದ್ದೆ, ಪಾಪ.

ಇದುವರೆಗೆ ಬಂದ ಫೋನ್‌ಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ: "ಕೊನೇ ರೇಟು ಹೇಳಿ." ಒಬ್ಬರು ಗುಜರಿ ತೂಕಕ್ಕೆ ಕೊಡ್ತೀರಾ ಅಂದರು. ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪ್ ನಡೆಸುವ ಹೆಣ್ಣುಮಗಳೊಬ್ಬರು ಮಾತ್ರ, "ಗೇರ್‌ಬಾಕ್ಸ್ ಎಣ್ಣೆ ಯಾವಾಗ ತೆಗೆದು ನೋಡಿದ್ರಿ ಸಾರ್?" ಅಂತ ಕೇಳಿದರು. ಮೆಷಿನ್ ಓಡಿಸಿದವರು ಕೇಳುವ ಪ್ರಶ್ನೆ ಅದು. ಗೈಡ್, ಸೀಲ್, ಬೇರಿಂಗ್ ಬದಲಾಯಿಸಬಹುದು. ಗೇರ್‌ಬಾಕ್ಸ್ ಒಳಗಿನ ಕಂಚಿನ ಚಕ್ರ ಸವೆದಿದ್ದರೆ ಖರ್ಚಿನ ಲೆಕ್ಕವೇ ಬೇರೆ.

ಮಧ್ಯಾಹ್ನ ಗೇರ್‌ಬಾಕ್ಸ್‌ನ ಡ್ರೈನ್ ಪ್ಲಗ್ ಬಿಚ್ಚಿದೆ. ಎಣ್ಣೆ ಕಪ್ಪಗೆ, ದಪ್ಪಗೆ ಇಳಿಯಿತು. ಬಿಳಿ ಬಟ್ಟೆಯ ಮೇಲೆ ಸ್ವಲ್ಪ ಸವರಿ, ಟಾರ್ಚ್ ಓರೆಯಾಗಿ ಹಿಡಿದೆ. ಅಲ್ಲಲ್ಲಿ ಹಳದಿ ಮಿನುಗು, ಕಂಚಿನ ಪುಡಿ. ಜಾಸ್ತಿ ಇಲ್ಲ, ಆದರೆ ಇದೆ. ಬೆರಳಲ್ಲಿ ಉಜ್ಜಿದರೆ ಹರಳಿನ ಹಾಗೆ ಒತ್ತುವುದಿಲ್ಲ, ನುಣ್ಣಗಿದೆ. ಹಲ್ಲು ಮುರಿದಿದ್ದರೆ ಚೂರು ಸಿಗಬೇಕಿತ್ತು, ಸಿಗಲಿಲ್ಲ. ಕವರ್ ತೆಗೆದು ಕೈಯಲ್ಲಿ ಒಂದು ಸುತ್ತು ತಿರುಗಿಸಿದೆ. ಹಲ್ಲುಗಳೆಲ್ಲ ಇವೆ, ಆದರೆ ಒಂದು ಬದಿ ಸವೆಯಲು ಶುರುವಾಗಿದೆ.

ಹೊಸ ಎಣ್ಣೆ ತುಂಬಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿದಿತ್ತಲ್ವಾ. ಸಂಜೆ ಆ ವರ್ಕ್‌ಶಾಪ್‌ನ ಹೆಣ್ಣುಮಗಳಿಗೇ ಫೋನ್ ಮಾಡಿ ಎಲ್ಲ ಹೇಳಿದೆ: ಆರ್ಮ್ ತಾನಾಗಿ ಇಳಿಯುತ್ತದೆ, ಕಟ್ ಓರೆ ಹೋಗುತ್ತದೆ, ಬೇರಿಂಗ್ ಹೋಗಿದೆ, ಗೇರ್ ಸವೆಯುತ್ತಿದೆ. ಮೋಟಾರ್, ವೈಸ್, ಬ್ಲೇಡ್ ಸುತ್ತುವ ಎರಡೂ ವೀಲ್ ಚೆನ್ನಾಗಿವೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಆ ಬಟ್ಟೆ ಎಸೀಬೇಡಿ ಸಾರ್, ಕತ್ತರಿಸಿದ ತುಂಡೂ ಇರಲಿ. ಮಂಗಳವಾರ ನಮ್ಮ ಫಿಟ್ಟರ್‌ನ ಕರ್ಕೊಂಡು ಬರ್ತೀನಿ" ಅಂದರು. ಕೊಳ್ಳುತ್ತೇನೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬಟ್ಟೆ, ತುಂಡು, ಸವೆದ ಪ್ಯಾಡ್ ಮೂರನ್ನೂ ಒಂದು ಟ್ರೇಯಲ್ಲಿ ವೈಸ್ ಪಕ್ಕ ಇಟ್ಟೆ. ಆರ್ಮ್ ಕೆಳಗಿನ ದಿಮ್ಮಿ ಸರಿಯಾಗಿದೆಯಾ ಅಂತ ಇನ್ನೊಮ್ಮೆ ನೋಡಿ, ಮೇನ್ ಸ್ವಿಚ್ ಆಫ್ ಮಾಡಿ ಬಂದೆ.