ವಾಟ್ಸಾಪಾ, ಟೆಲಿಗ್ರಾಮಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಣ್ಣಾ, ನಮ್ಮೂರ ತೊಗರಿ ರೈತರಿಗೂ ಒಂದು ಗ್ರೂಪ್ ಮಾಡ್ಬೇಕು. ವಾಟ್ಸಾಪ್‌ನಾಗ ಮಾಡ್ಲೋ, ಟೆಲಿಗ್ರಾಮ್‌ನಾಗ ಮಾಡ್ಲೋ?" ಆಳಂದ, ಸೇಡಂ, ಜೇವರ್ಗಿ, ಯಾವ ಕಡೆಯಿಂದ ಫೋನ್ ಬಂದರೂ ಇದೇ ಪ್ರಶ್ನೆ. ಕಲಬುರಗಿ ಕಡೆ ಒಂದು ರೈತರ ಗ್ರೂಪ್ ನೋಡಿಕೊಳ್ಳೋ ಕೆಲಸ ನನ್ನ ತಲೆಗೆ ಬಿದ್ದಿದೆ, ಅದಕ್ಕೇ ನನ್ನನ್ನು ಕೇಳ್ತಾರೆ.

ವಾಟ್ಸಾಪ್‌ನಲ್ಲೇ ಮಾಡ್ರಿ. ಸೌಕರ್ಯ ನೋಡಿದರೆ ಟೆಲಿಗ್ರಾಮೇ ವಾಸಿ, ಅಲ್ಲಿ 2 ಲಕ್ಷ ಜನ ಸೇರಬಹುದು, ಫೋನ್ ನಂಬರ್ ಮುಚ್ಚಿಡಬಹುದು, ತಡವಾಗಿ ಬಂದವರಿಗೂ ಹಳೆ ಮಾತುಕತೆ ಕಾಣೋ ಹಾಗೆ ಮಾಡಬಹುದು. ವಾಟ್ಸಾಪ್ ಗ್ರೂಪಿಗೆ 1024 ಜನರೇ ಮಿತಿ, ಅದರ ಮೇಲೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಹೆಣ್ಣುಮಕ್ಕಳು ಸೇರೋಕೆ ಹಿಂದೆಮುಂದೆ ನೋಡೋದು ಇದಕ್ಕೇ. ಆದರೆ ಹೊಲದಲ್ಲಿರೋ ಕಾಕಾನ ಫೋನಿಗೆ ಹೊಸ ಆಪ್ ಹಾಕಿಕೊಡೋದು ಮೊಮ್ಮಗ. ಅವನು ಶಾಲೆಗೆ ಹೋದ ಮೇಲೆ ಅದನ್ನು ತೆರೆಯೋರೇ ಇಲ್ಲ, ಅಲ್ವಾ?

ಆಪ್‌ಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಗ್ರೂಪ್ ಯಾತಕ್ಕೆ ಅನ್ನೋದಕ್ಕೆ. "ಊರ ಸುದ್ದಿ" ಅಂತ ಹೆಸರಿಟ್ಟರೆ ವಾರದಲ್ಲಿ ಗುಡ್ ಮಾರ್ನಿಂಗ್ ಹೂವು, ಮುಂದಿನ ವಾರ ಚುನಾವಣೆ ಜಗಳ. "ತೊಗರಿ, ಬಿತ್ತನೆಯಿಂದ ರಾಶಿ ತನಕ" ಅಂತ ಇಡ್ರಿ, ಬೇರೆಯದು ಬಂದರೆ ಮುಲಾಜಿಲ್ಲದೆ ಅಳಿಸ್ರಿ. ಅಡ್ಮಿನ್‌ಗೆ ಯಾರ ಮೆಸೇಜ್ ಬೇಕಾದರೂ ಅಳಿಸೋಕೆ ಬರುತ್ತೆ.

ಪ್ರಶ್ನೆ ಹೇಗೆ ಕೇಳಬೇಕು ಅಂತಲೂ ಹೇಳಿಕೊಡಬೇಕು. "ಗಿಡ ಬಾಡ್ಯಾವ, ಏನ್ ಹೊಡಿಬೇಕ್ರಿ?" ಅಂತ ಒಂದು ಮಸುಕು ಫೋಟೊ ಬರುತ್ತೆ. ಅದರ ಕೆಳಗೆ ಸಾಲಾಗಿ ಔಷಧದ ಹೆಸರು, ಅರ್ಧ ಹೆಸರು ಅಂಗಡಿಯವರೇ ಹಾಕಿದ್ದು. ನಮ್ಮ ಗ್ರೂಪಿನಲ್ಲಾದರೆ ಬಾಡಿದ ಗಿಡದ ಕಾಂಡ ಸೀಳಿ ಫೋಟೊ ಹಾಕಬೇಕು, ಜೊತೆಗೆ ಊರು, ತಳಿ, ಬಿತ್ತಿದ ದಿನ ಹೇಳಬೇಕು. ಒಳಗೆ ಕಂದು-ಕಪ್ಪು ಗೆರೆ ಎದ್ದಿದ್ದರೆ ನೆಟೆ ರೋಗದ ಗುರುತು, ಅದು ಮಣ್ಣಿನಲ್ಲಿರೋ ಶಿಲೀಂಧ್ರದಿಂದ ಬರೋದು, ಹುಳದಿಂದಲ್ಲ. ಅದಕ್ಕೆ ಹುಳದ ಔಷಧ ಹೊಡೆದರೆ ದುಡ್ಡು ದಂಡ. ಮುಂದಿನ ಸಲಕ್ಕೆ ನೆಟೆ ತಡೆಯೋ ತಳಿ, ಟ್ರೈಕೋಡರ್ಮಾ (ರೋಗ ತಡೆಯೋ ಒಳ್ಳೆ ಶಿಲೀಂಧ್ರ) ಬೀಜೋಪಚಾರ, ಆ ಹೊಲಕ್ಕೆ ತೊಗರಿ ಬಿಟ್ಟು ಜೋಳ, ಹೀಗೆ ಮಾತು ಮುಂದೆ ಹೋಗುತ್ತೆ. ಟೈಪ್ ಮಾಡೋಕೆ ಬಾರದವರು ವಾಯ್ಸ್ ಮೆಸೇಜ್ ಹಾಕಲಿ. ಕಾಯಿ ಕೊರಕ ಬಂದಾಗ ಗಿಡ ಅಲುಗಿಸಿ, ಕೆಳಗೆ ಹಾಸಿದ ಬಟ್ಟೆಗೆ ಹುಳ ಉದುರಿಸೋದು ಹೇಗೆ ಅಂತ ಒಬ್ಬರು ಹಿರಿಯರು ಗಾಳಿ ಸದ್ದಿನ ನಡುವೆಯೇ ಹೇಳಿದ್ದರು. ಹುಡುಗರು ಈಗಲೂ ಅದನ್ನು ಹುಡುಕಿ ಕೇಳ್ತಾರೆ.

ಧಾರಣೆ ವಿಷಯದಲ್ಲಿ ಬರೀ ಬಾಯಿಮಾತು ಬೇಡ. ಮಾರಿ ಬಂದವರು ಎಪಿಎಂಸಿ ಪಟ್ಟಿಯ (ಮಾರುಕಟ್ಟೆಯಲ್ಲಿ ಕೊಡೋ ಲೆಕ್ಕದ ಚೀಟಿ) ಫೋಟೊ ಹಾಕಲಿ, ಹೆಸರಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು. ಆದರೆ ತಾರೀಖು ಕಾಣಲೇಬೇಕು.

"ಯಾರೋ ಏನೋ ಹಾಕಿದರೆ ಅಡ್ಮಿನ್ ಒಳಗೆ ಹೋಗ್ತಾನಂತಲ್ರೀ?" ಅಂತಲೂ ಕೇಳ್ತಾರೆ. ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಬೇರೆಯವರ ಮೆಸೇಜಿಗೆ ಹೊಣೆ ಬರೋದಿಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಕೆಟ್ಟದ್ದು ಕಂಡೂ ಸುಮ್ನೆ ಕೂರಬೇಡ್ರಿ. ಅಡ್ಮಿನ್ ಇಬ್ಬರಾದರೂ ಇರಲಿ, ಅದರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ.

ಮಾಡೋದಾದರೆ ಜೂನ್ ಬಿತ್ತನೆಗೆ ಮುಂಚೆ ಶುರು ಮಾಡ್ರಿ. ರಾಶಿ ಹೊತ್ತಿಗೆ ಯಾರಿಗೂ ಫೋನ್ ನೋಡೋಕೆ ಪುರುಸೊತ್ತಿರಲ್ಲ.