ಒಂದು ಶಸ್ತ್ರಚಿಕಿತ್ಸೆಗೆ ಮುಗಿಯದ ಅಭಿಯಾನ

ವೈದ್ಯಕೀಯ ನಿಧಿ ಸಂಗ್ರಹಿಸುವ ಸಂಸ್ಥೆಯೊಂದರಲ್ಲಿ ನಾನು ವೆರಿಫಿಕೇಶನ್ ನೋಡಿಕೊಳ್ಳುತ್ತೇನೆ. ಹೈಡ್ರೊಸೆಫಾಲಸ್ (ಮೆದುಳಿನಲ್ಲಿ ದ್ರವ ತುಂಬಿಕೊಳ್ಳುವ ತೊಂದರೆ) ಇದ್ದ ಹಸುಗೂಸೊಂದರ ಅಭಿಯಾನ ಗುರಿ ಮುಟ್ಟಿ, ಪೇಔಟ್ ನೇರವಾಗಿ ಆಸ್ಪತ್ರೆಗೆ ಹೋಗಿ, ಆ ದ್ರವವನ್ನು ಬೇರೆಡೆಗೆ ಹರಿಸುವ ಕೊಳವೆಯಾದ ಶಂಟ್‌ನ ಅಳವಡಿಕೆಯೂ ಸುಸೂತ್ರವಾಗಿ ನಡೆದಿತ್ತು. ಕೆಲವು ವಾರಗಳ ನಂತರ ಒಂದು ಸಂಜೆ ತಂದೆ ಕರೆ ಮಾಡಿ, ಮಗು ಕುಡಿದ ಹಾಲನ್ನೆಲ್ಲ ಕಕ್ಕುತ್ತಿದೆ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡುತ್ತಿಲ್ಲ, ನೆತ್ತಿ ಉಬ್ಬಿ ಬಿಗಿದುಕೊಂಡಿದೆ ಎಂದರು. ಶಂಟ್ ಕಟ್ಟಿಕೊಂಡಿರಬಹುದೆಂದು ಹೆದರಿ, ಹಣದ ಮಾತು ಆಮೇಲಿರಲಿ, ತಕ್ಷಣ ತುರ್ತು ವಿಭಾಗಕ್ಕೆ ಹೊರಡಿ, ಶಂಟ್ ಇದೆಯೆಂದು ಬಾಗಿಲಲ್ಲೇ ತಿಳಿಸಿ ಎಂದೆ.

ಅವರು ದಾರಿಯಲ್ಲಿದ್ದಷ್ಟು ಹೊತ್ತೂ ನಾನು ಆ ಅಭಿಯಾನವನ್ನು ಮತ್ತೆ ತೆರೆಯಲು ಹೆಣಗುತ್ತಿದ್ದೆ. ‘ಗೋಲ್ ರೀಚ್ಡ್’ ಆದದ್ದಕ್ಕೆ ಎಡಿಟ್ ಗುಂಡಿಯೇ ಇಲ್ಲ. ಸಹಾಯ ಕೋರಿ ಟಿಕೆಟ್ (ಆನ್‌ಲೈನ್ ವಿನಂತಿ) ಹಾಕಿದರೆ ಹೊಸ ಎಸ್ಟಿಮೇಟ್ ಲಗತ್ತಿಸಿರೆಂಬ ಸ್ವಯಂಚಾಲಿತ ಉತ್ತರ ಬರುತ್ತದೆ. ಸ್ಕ್ಯಾನ್ ಆಗದೆ ಆಸ್ಪತ್ರೆ ಎಸ್ಟಿಮೇಟ್ ಕೊಡುವುದಿಲ್ಲ. ಕೊನೆಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಬಿಲ್ಲಿಂಗ್‌ನವರನ್ನು ಒಪ್ಪಿಸಿ ಮುಂಗಡವಿಲ್ಲದೆ ದಾಖಲು ಮಾಡಿಸಿದ್ದರಿಂದಲೇ ಅಂದು ರಾತ್ರಿ ಮಗುವಿಗೆ ಮರುಶಸ್ತ್ರಚಿಕಿತ್ಸೆ ಸಾಧ್ಯವಾಯಿತು.

ಮೆದುಳಿನ ಕುಹರಗಳಲ್ಲಿ ದ್ರವ ಸತತವಾಗಿ ಉತ್ಪತ್ತಿಯಾಗುತ್ತಲೇ ಇರುತ್ತದೆ. ಶಂಟ್ ಅದನ್ನು ಚರ್ಮದಡಿಯ ಕೊಳವೆಯ ಮೂಲಕ ಸಾಮಾನ್ಯವಾಗಿ ಹೊಟ್ಟೆಗೆ ಹರಿಸುತ್ತದೆಯೇ ಹೊರತು ಮೂಲ ತೊಂದರೆಯನ್ನು ನಿವಾರಿಸುವುದಿಲ್ಲ. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 2 ವರ್ಷಗಳೊಳಗೆ ಕೈಕೊಡುತ್ತವೆ. ಸೋಂಕು ತಗುಲಿತೆಂದರೆ ಸಾಮಾನ್ಯವಾಗಿ ಅದನ್ನು ತೆಗೆದು, ದ್ರವವನ್ನು ಹೊರಗಿನ ಚೀಲಕ್ಕೆ ಇಳಿಸುತ್ತ, ಆ್ಯಂಟಿಬಯೋಟಿಕ್ ಕೊಟ್ಟು, ಸೋಂಕು ಪೂರ್ತಿ ಇಳಿದ ಮೇಲೆ ಹೊಸದನ್ನು ಹಾಕಬೇಕಾಗುತ್ತದೆ. ಆಗ ಮೊದಲ ಎಸ್ಟಿಮೇಟ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ‘ಒಂದು ಶಸ್ತ್ರಚಿಕಿತ್ಸೆಯಾದರೆ ಮಗು ಗುಣಮುಖ’ ಎಂದು ಮನವಿ ಬರೆಸುವುದು ದಾನಿಗಳಿಗೂ ಪೋಷಕರಿಗೂ ಬಗೆಯುವ ಅನ್ಯಾಯ. ಎರಡನೆಯ ಸಲ ಕೈಚಾಚಿದ ಆ ತಂದೆಗೆ, ಮೊದಲ ಹಣ ಏನಾಯಿತೆಂಬ ಪ್ರಶ್ನೆ ಎದುರಾದದ್ದು ಆ ಒಂದು ವಾಕ್ಯದಿಂದಲೇ. ಊದಿದ ತಲೆಯ ಚಿತ್ರವೇ ದೊಡ್ಡದಾಗಿ ಕಾಣಲಿ ಎಂಬ ಮಾರ್ಕೆಟಿಂಗ್‌ನವರ ಒತ್ತಾಯವನ್ನೂ ನಾನು ಒಪ್ಪಲಾರೆ. ಶಾಲೆಗೆ ಹೋಗುವ ವಯಸ್ಸಿಗೂ ಆ ಚಿತ್ರ ಮಗುವಿನ ಬೆನ್ನುಬಿಡುವುದಿಲ್ಲ.

ಶಂಟ್ ಮುಂದೆ ಕೆಡಬಹುದು, ಮತ್ತೆ ಖರ್ಚು ಬರಬಹುದು ಎಂಬ ಮಾತು ಸ್ಪಷ್ಟವಾಗಿ ಇರದ ಮನವಿಗೆ ಈಗ ನಾನು ಅನುಮೋದನೆ ಕೊಡುವುದಿಲ್ಲ. ಇಂಥ ಅಭಿಯಾನಗಳು ತಾವಾಗಿಯೇ ಮುಚ್ಚಿಕೊಳ್ಳಬಾರದು, ಮರುಶಸ್ತ್ರಚಿಕಿತ್ಸೆಗೆಂದು ಒಂದು ಪಾಲನ್ನು ಮೊದಲೇ ಕಾದಿರಿಸಬೇಕು ಎಂದು ಬರೆದುಕೊಟ್ಟ ಪ್ರಸ್ತಾವಕ್ಕೆ ಆಡಳಿತದಿಂದ ಇನ್ನೂ ಉತ್ತರ ಬಂದಿಲ್ಲ.