660ರ ಜಾಡು ಹಿಡಿದು ನ್ಯೂಯಾರ್ಕಿನಲ್ಲಿ ಒಂದು ದಿನ

ನ್ಯೂಯಾರ್ಕಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಎಂಪೈರ್ ಸ್ಟೇಟ್ ಕಟ್ಟಡ ಇದ್ದೇ ಇರುತ್ತವೆ. ಮೀಡಿಯಂ ವೇವ್ ಕೇಳುತ್ತಾ ಬೆಳೆದವರಿಗೆ ಅದೇ ಊರಿನಲ್ಲಿ ಬೇರೊಂದು ದಾರಿಯಿದೆ. 1922ರಲ್ಲಿ ಡಬ್ಲ್ಯೂಇಎಎಫ್ ಎಂಬ ಹೆಸರಿನಲ್ಲಿ ಹುಟ್ಟಿ, ಮುಂದೆ ಡಬ್ಲ್ಯೂಎನ್‌ಬಿಸಿಯಾಗಿ 1988ರ ಅಕ್ಟೋಬರ್ 7ರ ಸಂಜೆ ಐದೂವರೆಗೆ ಕಣ್ಣು ಮುಚ್ಚಿದ, 660 ಕಿಲೋಹರ್ಟ್ಸ್‌ನಲ್ಲಿ ಬರುತ್ತಿದ್ದ ಎಎಂ (ಮೀಡಿಯಂ ವೇವ್) ಸ್ಟೇಷನ್ನೊಂದರ ಜಾಡು ಅದು. ರೇಡಿಯೋದಲ್ಲಿ ಕಾಸು ಕೊಟ್ಟು ಜಾಹೀರಾತು ಹಾಕಿಸುವ ವ್ಯವಹಾರ ಬೇರೂರಿದ್ದು ಇಲ್ಲಿಂದ. ಸ್ಟೇಷನ್ ಹೋದರೂ ಅದು ಓಡಾಡಿದ ಜಾಗಗಳಲ್ಲಿ ಹಲವು ಉಳಿದಿವೆ. ಅದು ಪದೇ ಪದೇ ಮನೆ ಬದಲಿಸಿದ್ದಕ್ಕೆ ಬಾಡಿಗೆಗಿಂತ ದೊಡ್ಡ ಕಾರಣ ಕಬ್ಬಿಣ ಮತ್ತು ಉಪ್ಪುನೀರು. ಆ ಕಾರಣ ಕಾಲಿಗೆ ಸಿಗುವಂತೆ ಈ ದಾರಿ ಹಾಕಲಾಗಿದೆ.

ಹೊರಡುವ ಮೊದಲು ಸಾಮಾನು. ಎಎಂ ಇರುವ ಸಣ್ಣ ಟ್ರಾನ್ಸಿಸ್ಟರ್ ಒಂದು, ಹೊಸ ಸೆಲ್ಲು, ಇಯರ್‌ಫೋನು, ಊರಿನ ನಕ್ಷೆ, ಒಂದು ಅಡಿಪಟ್ಟಿ, ಪೆನ್ಸಿಲ್. ಬೆಂಗಳೂರಿನಿಂದ ಡಿಜಿಟಲ್ ರೇಡಿಯೋ ಒಯ್ಯುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಅಮೆರಿಕದಲ್ಲಿ 10. 9ರ ಲೆಕ್ಕದಲ್ಲಿ ಹಾರುವ ರೇಡಿಯೋ 657ಕ್ಕೆ ನಿಲ್ಲುತ್ತದೆ, ಇಲ್ಲವೇ 666ಕ್ಕೆ. 660ಕ್ಕೆ ನಿಲ್ಲುವುದೇ ಇಲ್ಲ. ಮಾತು ಮೂಗಿನಲ್ಲಿ ಆಡಿದಂತೆ ಕೇಳಿಸಿ, ಸೆಟ್ಟೇ ಕೆಟ್ಟಿತು ಅನ್ನಿಸುತ್ತದೆ. ಹೆಚ್ಚಿನ ಸೆಟ್ಟುಗಳಲ್ಲಿ 9/10 ಬದಲಿಸುವ ಗುಂಡಿಯೋ ಮೆನುವೋ ಇರುತ್ತದೆ, ಮನೆಯಲ್ಲೇ ನೋಡಿಟ್ಟುಕೊಳ್ಳಬೇಕು. ಮುಳ್ಳು ತಿರುಗಿಸುವ ಹಳೆಯ ಸೆಟ್ಟಿಗೆ ಈ ತಾಪತ್ರಯವಿಲ್ಲ.

ಬೆಳಗಿನ ಮೊದಲ ನಿಲ್ದಾಣ ಕೆನಾಲ್ ಸ್ಟ್ರೀಟ್. ಎ, ಸಿ, ಇ ಸಬ್‌ವೇ ರೈಲುಗಳು ಇಲ್ಲಿ ನಿಲ್ಲುತ್ತವೆ. ಮೇಲೆ ಬಂದರೆ ಸಿಕ್ಸ್ತ್ ಅವೆನ್ಯೂ ಪಕ್ಕದಲ್ಲೇ ಇಟ್ಟಿಗೆ ಬಣ್ಣದ ದೈತ್ಯ ಕಟ್ಟಡ. ಈಗಿನ ವಿಳಾಸ 32 ಅವೆನ್ಯೂ ಆಫ್ ದಿ ಅಮೆರಿಕಾಸ್, ಹಳೆಯ ವಿಳಾಸ 24 ವಾಕರ್ ಸ್ಟ್ರೀಟ್. ದೂರವಾಣಿ ಕಂಪನಿ ಎಟಿ ಅಂಡ್ ಟಿಯ ದೂರದ ಕರೆಗಳ ಮನೆ ಇದು. 1922ರ ಬೇಸಿಗೆಯಲ್ಲಿ ಕಂಪನಿ ಇದರ ಮಾಳಿಗೆಯ ಮೇಲೆ ಏರಿಯಲ್ ಕಟ್ಟಿ ಡಬ್ಲ್ಯೂಬಿಎವೈ ಎಂಬ ಸ್ಟೇಷನ್ ಶುರು ಮಾಡಿತು. ಟೆಲಿಫೋನ್ ಬೂತಿನ ಹಾಗೆ ಯಾರು ಬೇಕಾದರೂ ದುಡ್ಡು ಕೊಟ್ಟು ಮಾತಾಡಿ ಹೋಗಲಿ ಎಂಬುದು ಯೋಜನೆ. ಯೋಜನೆ ಚೆನ್ನಾಗಿತ್ತು, ಜಾಗ ಕೈಕೊಟ್ಟಿತು. ಕಟ್ಟಡದ ಅಸ್ಥಿಪಂಜರ ಪೂರ್ತಿ ಉಕ್ಕು. ಏರಿಯಲ್‌ನ ಬುಡದಲ್ಲೇ ಅಷ್ಟು ಲೋಹ ನಿಂತಿದ್ದರೆ ಶಕ್ತಿಯ ದೊಡ್ಡ ಪಾಲು ಅದರಲ್ಲೇ ಇಂಗುತ್ತದೆ, ಊರಿಗೆ ಹೋಗುವುದು ಉಳಿದ ಚೂರು. ಕೆಲವೇ ವಾರಗಳಲ್ಲಿ ಪ್ರಸಾರವನ್ನು ಕಂಪನಿಯ ಇನ್ನೊಂದು ಕಟ್ಟಡಕ್ಕೆ ಸಾಗಿಸಿದರು, ಸ್ಟುಡಿಯೋ ಮಾತ್ರ ಇಲ್ಲೇ ಉಳಿಯಿತು. ಕಟ್ಟಡವನ್ನು 1930ರ ದಶಕದ ಆರಂಭದಲ್ಲಿ ಬೆಳೆಸಿ ಈಗಿನ ರೂಪ ಕೊಟ್ಟದ್ದು. ಲಾಬಿಯ ಗೋಡೆಯಲ್ಲಿ ಹೆಂಚಿನಲ್ಲಿ ಮಾಡಿದ ಪ್ರಪಂಚದ ನಕ್ಷೆಯಿದೆ. ಕಾವಲಿನವರನ್ನು ಕೇಳಿಯೇ ಒಳಗೆ ಕಾಲಿಡಬೇಕು.

ಆ ಇನ್ನೊಂದು ಕಟ್ಟಡ 463 ವೆಸ್ಟ್ ಸ್ಟ್ರೀಟ್. ಕೆನಾಲ್‌ನಿಂದ ಅದೇ ರೈಲಿನಲ್ಲಿ 14ನೇ ಸ್ಟ್ರೀಟಿಗೆ ಹೋಗಿ, ಹಡ್ಸನ್ ನದಿಯ ಕಡೆ ನೈರುತ್ಯಕ್ಕೆ ಕಾಲು ಗಂಟೆ ನಡೆಯಬೇಕು. ವೆಸ್ಟರ್ನ್ ಎಲೆಕ್ಟ್ರಿಕ್ ಪ್ರಯೋಗಾಲಯ, ಆಮೇಲೆ ಬೆಲ್ ಲ್ಯಾಬ್ಸ್, 1970ರಿಂದ ಕಲಾವಿದರ ವಸತಿ. ವೆಸ್ಟ್ ಮತ್ತು ಬೆಥೂನ್ ಬೀದಿಗಳ ಹೆಸರು ಕೂಡಿಸಿ ವೆಸ್ಟ್‌ಬೆತ್ ಎನ್ನುತ್ತಾರೆ. ಇಲ್ಲಿಯ ಮಾಳಿಗೆಯಿಂದ 1922ರ ಆಗಸ್ಟ್ 16ರಂದು ಡಬ್ಲ್ಯೂಇಎಎಫ್ ಪ್ರಸಾರ ಶುರುವಾಯಿತು. ಹನ್ನೆರಡೇ ದಿನಕ್ಕೆ, ಆಗಸ್ಟ್ 28ರ ಸಂಜೆ, ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಮನೆ ಕಟ್ಟಿ ಮಾರುವ ಕಂಪನಿ 50 ಡಾಲರ್ ಕೊಟ್ಟು ಸುಮಾರು ಹತ್ತು ನಿಮಿಷ ಮಾತಾಡಿತು. ಜಾಕ್ಸನ್ ಹೈಟ್ಸ್‌ನಲ್ಲಿ ಕಟ್ಟಿದ ಹಾಥಾರ್ನ್ ಕೋರ್ಟ್ ಎಂಬ ವಸತಿ ಸಮುಚ್ಚಯವೇ ಆ ಮಾತಿನ ಸರಕು. ನಮ್ಮ ವಿವಿಧ ಭಾರತಿ ಜಾಹೀರಾತಿಗೆ ಬಾಗಿಲು ತೆರೆದದ್ದು 1967ರ ನವೆಂಬರ್‌ನಲ್ಲಿ. ನಡುವೆ 45 ವರ್ಷ.

ಎಟಿ ಅಂಡ್ ಟಿಗೆ ಇದ್ದ ದೊಡ್ಡ ಬಲ ಅದರ ಟೆಲಿಫೋನ್ ತಂತಿ. 1923ರ ಜನವರಿ 4ರಂದು ತಂತಿ ಎಳೆದು ಬಾಸ್ಟನ್ನಿನ ಡಬ್ಲ್ಯೂಎನ್‌ಎಸಿ ಜೊತೆ ಒಂದೇ ಕಾರ್ಯಕ್ರಮ ಹಂಚಿಕೊಂಡಿತು, ಜಾಲಪ್ರಸಾರದ ಬೀಜ ಅದು. ಅದೇ ವರ್ಷ ಸ್ಟೇಷನ್ 610 ಕಿಲೋಹರ್ಟ್ಸ್‌ಗೆ ಬಂತು. ಬೆಂಗಳೂರು ಆಕಾಶವಾಣಿಯ 612 ಗೊತ್ತಿರುವವರ ಬೆರಳಿಗೆ ಆ ಜಾಗ ಪರಿಚಿತವೇ. 660ಕ್ಕೆ ಸರಿದದ್ದು 1928ರಲ್ಲಿ. ಅಷ್ಟರೊಳಗೆ, 1926ರಲ್ಲಿ, ಆರ್‌ಸಿಎ ಕಂಪನಿ ಹತ್ತು ಲಕ್ಷ ಡಾಲರ್ ಕೊಟ್ಟು ಸ್ಟೇಷನ್ನನ್ನೇ ಕೊಂಡುಕೊಂಡಿತ್ತು.

ಆ ಖರೀದಿಯಿಂದ ಹುಟ್ಟಿದ್ದು ಎನ್‌ಬಿಸಿ ಎಂಬ ಪ್ರಸಾರ ಜಾಲ. 1926ರ ನವೆಂಬರ್ 15ರಂದು ಅದರ ಉದ್ಘಾಟನೆ ನಡೆದದ್ದು ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನ ದೊಡ್ಡ ಸಭಾಂಗಣದಲ್ಲಿ. ಈಗಿರುವ ವಾಲ್ಡಾರ್ಫ್‌ಗೆ ಹೋದರೆ ದಾರಿ ತಪ್ಪಿದಂತೆ. ಹಳೆಯ ಹೋಟೆಲ್ ಇದ್ದದ್ದು ಫಿಫ್ತ್ ಅವೆನ್ಯೂ, 34ನೇ ಸ್ಟ್ರೀಟ್ ಮೂಲೆಯಲ್ಲಿ. ಅದನ್ನು ಕೆಡವಿ ಎಬ್ಬಿಸಿದ್ದೇ ಎಂಪೈರ್ ಸ್ಟೇಟ್ ಕಟ್ಟಡ. ಇಲ್ಲಿ ತಲೆಯೆತ್ತಿ ಒಂದು ನಿಮಿಷ ನಿಲ್ಲಬೇಕು. ತುದಿಯ ಕಂಬದಲ್ಲಿ ಊರಿನ ಎಫ್‌ಎಂ ಏರಿಯಲ್‌ಗಳ ಗೊಂಚಲು ಕಾಣುತ್ತದೆ. ಎಫ್‌ಎಂ ಅಲೆ ಕಣ್ಣಿಗೆ ಕಾಣುವಷ್ಟು ದೂರವೇ ಹೆಚ್ಚುಕಡಿಮೆ ಓಡುವುದು, ಅದಕ್ಕೆ ಎತ್ತರ ಬೇಕು. ಎಎಂ ಅಲೆ ನೆಲಕ್ಕೆ ಒರಗಿಕೊಂಡು ಓಡುತ್ತದೆ, ಅದಕ್ಕೆ ಬೇಕಾದದ್ದು ಒದ್ದೆ ನೆಲ. ಅದಕ್ಕೇ ಎಎಂ ಊರ ನಡುವಿನ ಮಾಳಿಗೆ ಬಿಟ್ಟು ಹೊರಗೆ ಹೊರಗೆ ಹೋಯಿತು. ಮೊದಲು ಲಾಂಗ್ ಐಲೆಂಡಿನ ಬೆಲ್‌ಮೋರ್, 1940ರಲ್ಲಿ ಪೋರ್ಟ್ ವಾಷಿಂಗ್ಟನ್. ಬೆಲ್‌ಮೋರಿನಿಂದ ಊರಿಗೆ ಬರುವ ಅಲೆ ಒಣ ನೆಲವನ್ನೂ ಮನೆಗಳನ್ನೂ ದಾಟಿ ಸೊರಗುತ್ತಿತ್ತು, ಪೋರ್ಟ್ ವಾಷಿಂಗ್ಟನ್ನಿನಿಂದ ಉಪ್ಪುನೀರಿನ ಮೇಲೆ ಬರಬಹುದಿತ್ತು. ಉಪ್ಪುನೀರು ಸಾಧಾರಣ ನೆಲಕ್ಕಿಂತ ಸಾವಿರ ಪಟ್ಟು ಸಲೀಸಾಗಿ ವಿದ್ಯುತ್ತನ್ನು ಹರಿಯಬಿಡುತ್ತದೆ. ಈ ಎರಡು ಊರಿಗೂ ರೈಲಿದೆ, ಒಂದೇ ದಿನದ ತಿರುಗಾಟಕ್ಕೆ ಸೇರಿಸಿಕೊಳ್ಳುವುದು ಬೇಡ.

ಫಿಫ್ತ್ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆದರೆ ರಾಕೆಫೆಲರ್ ಸೆಂಟರ್. ಇನ್ನೂ ಸ್ವಲ್ಪ ಮುಂದೆ, 55ನೇ ಸ್ಟ್ರೀಟಿನ ಮೂಲೆಯಲ್ಲಿ, ಎನ್‌ಬಿಸಿ 1927ರಲ್ಲಿ ಹೊಕ್ಕ, ಫಿಫ್ತ್ ಅವೆನ್ಯೂದ 711ನೇ ನಂಬರಿನ ಕಟ್ಟಡ. 1933ರಲ್ಲಿ ರಾಕೆಫೆಲರ್ ಸೆಂಟರಿಗೆ ಬಂದಮೇಲೆ ಸ್ಟೇಷನ್ ಕೊನೆಯವರೆಗೂ ಅಲ್ಲೇ ಇತ್ತು. 30 ರಾಕೆಫೆಲರ್ ಪ್ಲಾಜಾದಲ್ಲಿ ಟಿಕೆಟ್ ಕೊಂಡು ಸ್ಟುಡಿಯೋ ನೋಡುವ ಏರ್ಪಾಡಿದೆ. ಮೊದಲೇ ಕಾದಿರಿಸಬೇಕು, ಚಿತ್ರೀಕರಣ ಇದ್ದ ದಿನ ಯಾವ ಬಾಗಿಲು ತೆರೆಯುತ್ತದೆ ಎನ್ನಲಾಗದು. ಸಿಕ್ಕರೆ 8ಎಚ್ ಸ್ಟುಡಿಯೋ ನೋಡಲೇಬೇಕು. ಇಂದು ಟಿವಿ ಹಾಸ್ಯಕ್ಕೆ ಹೆಸರಾದ ಅದು ಕಟ್ಟುವಾಗ ರೇಡಿಯೋ ಸ್ಟುಡಿಯೋ. 1937ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಸಂಗೀತ ನಿರ್ದೇಶಕ ತೊಸ್ಕಾನಿನಿ ಎನ್‌ಬಿಸಿ ವಾದ್ಯವೃಂದವನ್ನು ಮೊದಲ ಸಲ ನಡೆಸಿಕೊಟ್ಟದ್ದು ಅಲ್ಲಿ.

ಹೆಸರಿನ ಬಗ್ಗೆ ಗೊಂದಲ ಬೇಡ. 1946ರ ನವೆಂಬರ್‌ನಲ್ಲಿ ಡಬ್ಲ್ಯೂಎನ್‌ಬಿಸಿ, 1954ರಲ್ಲಿ ಡಬ್ಲ್ಯೂಆರ್‌ಸಿಎ, 1960ರಲ್ಲಿ ಮತ್ತೆ ಡಬ್ಲ್ಯೂಎನ್‌ಬಿಸಿ. ಇಂದು ಆ ಹೆಸರಿನಲ್ಲಿರುವುದು ಟಿವಿ ಚಾನೆಲ್ 4.

ಇಲ್ಲಿಂದ ರೇಡಿಯೋ ಹೊರತೆಗೆಯುವ ಹೊತ್ತು. ಸೆಂಟ್ರಲ್ ಪಾರ್ಕಿನ ಶೀಪ್ ಮೆಡೋ ಹುಲ್ಲುಗಾವಲಿಗೆ ಹೋಗಿ 660 ಹಚ್ಚಬೇಕು. ಬರುವುದು ಈಗಿನ ಒಡೆಯ ಡಬ್ಲ್ಯೂಎಫ್‌ಎಎನ್, ಕ್ರೀಡೆಯ ಮಾತುಕತೆಯ ಸ್ಟೇಷನ್. ಈಗ ರೇಡಿಯೋವನ್ನು ಅಂಗೈ ಮೇಲೆ ಮಟ್ಟಸವಾಗಿ ಹಿಡಿದು ನಿಧಾನ ತಿರುಗಿಸಿ. ಒಳಗೆ ಕರಿ ಪೆನ್ಸಿಲಿನಂಥ ಫೆರೈಟ್ ಕಡ್ಡಿಯಿದೆ, ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದಕ್ಕೆ ಮಲಗಿರುತ್ತದೆ. ಅದರ ಮೈ ಟವರಿನ ಕಡೆ ಇದ್ದಾಗ ದನಿ ಜೋರು, ತುದಿ ಟವರಿಗೆ ನೆಟ್ಟಾಗ ದನಿ ಬತ್ತಿಹೋಗುತ್ತದೆ. ಜೋರನ್ನು ನಂಬಬೇಡಿ, ಅದು ಅಗಲವಾದ ಹಾಸು. ಬತ್ತುವ ಬಿಂದು ಸೂಜಿಯಷ್ಟು ಚೂಪು, ಅದನ್ನೇ ಹಿಡಿಯಬೇಕು. ಆ ಗೆರೆಯನ್ನು ನಕ್ಷೆಯ ಮೇಲೆ ಎಳೆಯಿರಿ. ಸರಿಯಾಗಿ ಬಂದರೆ ಅದು ಈಶಾನ್ಯಕ್ಕೆ, ನಿಜ ಉತ್ತರದಿಂದ ಸುಮಾರು 60 ಡಿಗ್ರಿಗೆ ಹೊರಡುತ್ತದೆ. ಕಡ್ಡಿಗೆ ಎರಡು ತುದಿ ಇರುವುದರಿಂದ ಒಂದೇ ಗೆರೆ ಎರಡು ದಿಕ್ಕು ತೋರಿಸುತ್ತದೆ, ಅದರ ಪರಿಹಾರ ಮುಂದಿನ ನಿಲ್ದಾಣದಲ್ಲಿ.

ತಪ್ಪುವುದು ಮೂರು ಕಡೆ. ಎತ್ತರದ ಕಟ್ಟಡದ ಪಕ್ಕ ನಿಂತರೆ ಉಕ್ಕು ಅಲೆಯನ್ನು ಮತ್ತೆ ಹೊರಚೆಲ್ಲಿ ಬತ್ತುವ ಬಿಂದುವನ್ನೇ ಅಳಿಸಿಬಿಡುತ್ತದೆ, ಆದ್ದರಿಂದ ಬಯಲಿನ ನಡುವೆ ನಿಲ್ಲಬೇಕು. ಫೋನಿನ ದಿಕ್ಸೂಚಿಯನ್ನು ರೇಡಿಯೋಕ್ಕೆ ತಾಗಿಸಿದರೆ ಸ್ಪೀಕರಿನ ಅಯಸ್ಕಾಂತ ಅದನ್ನು ಎಳೆಯುತ್ತದೆ, ಒಂದು ಮೊಳ ದೂರವಿರಲಿ. ಮೂರನೆಯದು ನಮ್ಮವರಿಗೆ ಹೊಳೆಯುವುದೇ ಇಲ್ಲ: ಬೆಂಗಳೂರಿನಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ನ್ಯೂಯಾರ್ಕಿನಲ್ಲಿ ಅದು ಪಶ್ಚಿಮಕ್ಕೆ 12-13 ಡಿಗ್ರಿ ವಾಲಿರುತ್ತದೆ. ಫೋನಿನಲ್ಲಿ ನಿಜ ಉತ್ತರ ಆಯ್ದುಕೊಳ್ಳದಿದ್ದರೆ ಗೆರೆ ಟವರಿನ ಹತ್ತಿರವೂ ಸುಳಿಯುವುದಿಲ್ಲ.

ಮಧ್ಯಾಹ್ನದ ಊಟ ಜಾಕ್ಸನ್ ಹೈಟ್ಸ್‌ನಲ್ಲಿ. ಫಿಫ್ತ್ ಅವೆನ್ಯೂ 53ನೇ ಸ್ಟ್ರೀಟಿನಿಂದ ಇ ರೈಲು ಹತ್ತಿ ರೂಸ್‌ವೆಲ್ಟ್ ಅವೆನ್ಯೂದಲ್ಲಿ ಇಳಿದರೆ 74ನೇ ಸ್ಟ್ರೀಟಿನ ಭಾರತೀಯ ದಿನಸಿ ಅಂಗಡಿಗಳ ಸಾಲು. ಅಮೆರಿಕದ ಕನ್ನಡಿಗರು ಬೇಳೆ, ಕರಿಬೇವಿಗೆ ಬರುವ ಈ ಪೇಟೆಯಿಂದ ಮೂರು ಬೀದಿ ದಾಟಿದರೆ, 76 ಮತ್ತು 77ನೇ ಸ್ಟ್ರೀಟುಗಳ ನಡುವೆ, ಹಾಥಾರ್ನ್ ಕೋರ್ಟ್ ಈಗಲೂ ನಿಂತಿದೆ. ಆ 50 ಡಾಲರ್ ಮಾತು ಹೊಗಳಿದ್ದು ಇವೇ ಇಟ್ಟಿಗೆ ಮನೆಗಳನ್ನು. ಮನೆಗಳ ನಡುವಿನ ತೋಟ ನಿವಾಸಿಗಳದ್ದು, ಒಳಗೆ ನುಗ್ಗುವಂತಿಲ್ಲ, ಬೀದಿಯಿಂದಲೇ ನೋಡಬೇಕು. ಎತ್ತರದ ಹಳಿಯ ಮೇಲೆ ಓಡುವ 7ನೇ ನಂಬರ್ ರೈಲಿನಿಂದ ಎರಡು ಮೂರು ಬೀದಿ ದೂರ ಸರಿದು ಮತ್ತೆ 660ರ ಬತ್ತುವ ಬಿಂದು ಹುಡುಕಿ. ಹಳಿಯ ಬಳಿ ರೇಡಿಯೋ ಕರಕರ ಅನ್ನುವುದನ್ನು ಬಿಟ್ಟರೆ ಏನೂ ಕೇಳಿಸದು. ಈ ಸಲ ಗೆರೆ ಉತ್ತರದಿಂದ ಸುಮಾರು 35 ಡಿಗ್ರಿ. ಎರಡು ಗೆರೆಗಳು ಕೂಡುವ ಜಾಗ ನಕ್ಷೆಯಲ್ಲಿ ನೀರಿನ ನಡುವೆ ಒಂದು ಚುಕ್ಕೆ, 660ರ ಈಗಿನ ಟವರ್ ನಿಂತಿರುವ ಹೈ ಐಲೆಂಡ್.

ಅಲ್ಲಿಗೆ ಹೋಗಲು ಇ ರೈಲಿನಲ್ಲೇ ಹಿಂದಿರುಗಿ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 6ನೇ ನಂಬರ್ ರೈಲಿಗೆ ಬದಲಿಸಿ, ಕೊನೆಯ ನಿಲ್ದಾಣ ಪೆಲ್ಹಮ್ ಬೇ ಪಾರ್ಕ್‌ನಲ್ಲಿ ಇಳಿಯಬೇಕು. ಮುಕ್ಕಾಲು ಗಂಟೆಗೂ ಮಿಗಿಲು ಬೇಕಾದೀತು. ಅಲ್ಲಿಂದ ಬಿಎಕ್ಸ್29 ಬಸ್ ಸಿಟಿ ಐಲೆಂಡಿಗೆ. ರೈಲಿಗೆ ತಾಗಿಸಿದ ಕಾರ್ಡನ್ನೇ ಎರಡು ಗಂಟೆಯೊಳಗೆ ಬಸ್ಸಿಗೂ ತಾಗಿಸಿದರೆ ಮತ್ತೆ ದುಡ್ಡಿಲ್ಲ. ಹೈ ಐಲೆಂಡಿಗೆ ಸಿಟಿ ಐಲೆಂಡಿನ ಈಶಾನ್ಯ ತುದಿಯಿಂದ ಪುಟ್ಟ ಖಾಸಗಿ ಸೇತುವೆಯಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ದಾಟುವ ಪ್ರಯತ್ನ ಬೇಡವೇ ಬೇಡ. ಎಎಂನಲ್ಲಿ ಟವರೇ ಏರಿಯಲ್. ಬುಡದಿಂದ ತುದಿಯವರೆಗೆ ಅದರಲ್ಲಿ ವಿದ್ಯುತ್ತು ಹರಿಯುತ್ತಿರುತ್ತದೆ, ಮುಟ್ಟಿದರೆ ಉಳಿಗಾಲವಿಲ್ಲ.

1960ರ ದಶಕದಿಂದ ಎರಡು ಸ್ಟೇಷನ್‌ಗಳು ಇಲ್ಲಿನ ಒಂದೇ ಟವರಿನಿಂದ ಹೊರಡುತ್ತಿವೆ: 660, ಮತ್ತು ಆಗ ಡಬ್ಲ್ಯೂಸಿಬಿಎಸ್ ಆಗಿದ್ದ 880. ಎರಡಕ್ಕೂ 50 ಕಿಲೋವ್ಯಾಟ್. ಒಂದರ ಶಕ್ತಿ ಇನ್ನೊಂದರ ಟ್ರಾನ್ಸ್‌ಮಿಟರಿಗೆ ನುಗ್ಗದಂತೆ, ತಾಮ್ರದ ಸುರುಳಿ ಮತ್ತು ಕೆಪಾಸಿಟರ್ ಕೂಡಿಸಿದ ತಡೆಯನ್ನು ಟ್ರಾನ್ಸ್‌ಮಿಟರಿನಿಂದ ಟವರಿಗೆ ಹೋಗುವ ಪ್ರತಿ ಸಾಲಿನಲ್ಲೂ ಇಡುತ್ತಾರೆ. 660ರ ಸಾಲಿನ ತಡೆ 880ಕ್ಕೆ ಬಾಗಿಲು ಮುಚ್ಚುತ್ತದೆ, 880ರದ್ದು 660ಕ್ಕೆ. ಟವರ್ ಒಂದೇ ಆದರೆ ಆಪತ್ತೂ ಒಟ್ಟಿಗೇ. 1967ರ ಆಗಸ್ಟ್ 27ರಂದು ಸಣ್ಣ ವಿಮಾನವೊಂದು ಟವರಿಗೆ ಬಡಿದು ಎರಡೂ ಸ್ಟೇಷನ್ ಮೂಕವಾದವು. ಮರುದಿನ ಡಬ್ಲ್ಯೂಸಿಬಿಎಸ್‌ನ ಹೊಸ ಸುದ್ದಿ ಪ್ರಸಾರ ಶುರುವಾಗಬೇಕಿತ್ತು. ಅದು ಎಫ್‌ಎಂನಲ್ಲಿ ಶುರುವಾಯಿತು.

ಡಬ್ಲ್ಯೂಎನ್‌ಬಿಸಿಯನ್ನು ಮಾತ್ರ ಕೊನೆಗೆ ಮುಗಿಸಿದ್ದು ಇಂಥ ಯಾವ ಆಪತ್ತೂ ಅಲ್ಲ. 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಆರ್‌ಸಿಎಯನ್ನು ಕೊಂಡಿತು, ರೇಡಿಯೋ ವ್ಯವಹಾರವನ್ನು ಮಾರಲು ಕುಳಿತಿತು. ಎಮ್ಮಿಸ್ ಕಂಪನಿ 1987ರ ಜುಲೈನಲ್ಲಿ 1050ರಲ್ಲಿ ಕ್ರೀಡೆಗೆಂದೇ ಡಬ್ಲ್ಯೂಎಫ್‌ಎಎನ್ ತೆರೆದಿತ್ತು. 1050 ಮೆಕ್ಸಿಕೋಗೆ ಮೀಸಲಾದ ಜಾಗ, ನ್ಯೂಯಾರ್ಕಿನ ಸ್ಟೇಷನ್ ಅಲ್ಲಿ ಮೈ ಮುದುರಿಕೊಂಡೇ ಇರಬೇಕು. 660 ಹಾಗಲ್ಲ, ರಾತ್ರಿ ಹತ್ತಾರು ರಾಜ್ಯಗಳಿಗೆ ಮುಟ್ಟುವ ದಾರಿ. ಎಮ್ಮಿಸ್‌ಗೆ ಬೇಕಾದದ್ದು ಆ ದಾರಿ. ಡಬ್ಲ್ಯೂಎನ್‌ಬಿಸಿಯ ನಿರೂಪಕ ಡಾನ್ ಐಮಸ್‌ನ ಬೆಳಗಿನ ಕಾರ್ಯಕ್ರಮ ಹೊಸ ಸ್ಟೇಷನ್ನಿಗೆ ನಡೆದುಹೋಯಿತು, ಮಿಕ್ಕ ಡಬ್ಲ್ಯೂಎನ್‌ಬಿಸಿ 1988ರ ಅಕ್ಟೋಬರ್ 7ರ ಆ ಸಂಜೆ ಐದೂವರೆಗೆ ಮುಗಿಯಿತು. 66 ವರ್ಷದ ಸ್ಟೇಷನ್ನಿಗೆ ಇನ್ನೂ ಒಳ್ಳೆಯ ಬೀಳ್ಕೊಡುಗೆ ಸಲ್ಲಬೇಕಿತ್ತು.

ಟವರ್ ನೋಡಲು ಸಿಟಿ ಐಲೆಂಡಿನ ಕಿಂಗ್ ಅವೆನ್ಯೂ ಒಳ್ಳೆಯ ಜಾಗ, ಬೇಸಿಗೆಯಾದರೆ ಆರ್ಚರ್ಡ್ ಬೀಚಿನ ದಕ್ಷಿಣ ತುದಿ. ಇಲ್ಲಿ ರೇಡಿಯೋವನ್ನು ಎತ್ತ ತಿರುಗಿಸಿದರೂ 660 ಬತ್ತುವುದು ಕಷ್ಟ, ಅಷ್ಟು ಹತ್ತಿರ. ಈಗ ಮುಳ್ಳನ್ನು 1540ಕ್ಕೆ ಒಯ್ಯಿರಿ. ಅಗ್ಗದ ಸೆಟ್ಟಾದರೆ ಅಲ್ಲಿ 660, 880 ಎರಡರ ದನಿಯೂ ಒಂದರ ಮೇಲೊಂದು ಕೇಳಿಸಬಹುದು. ಅಂಥ ಸ್ಟೇಷನ್ ಗಾಳಿಯಲ್ಲಿ ಇಲ್ಲ. ತಡೆಯಲಾರದಷ್ಟು ಶಕ್ತಿ ಹೊಕ್ಕು ರೇಡಿಯೋದ ಒಳಗೇ ಎರಡು ಅಲೆ ಬೆರೆತು, 660ಕ್ಕೆ 880 ಕೂಡಿ 1540 ಆಗಿರುತ್ತದೆ. ಇದೇ ಕಾರಣಕ್ಕೆ 1100ರಲ್ಲೂ ಇಣುಕಬಹುದು: 880ರ ಎರಡರಷ್ಟರಲ್ಲಿ 660 ಕಳೆದರೆ 1100. ಬಸ್ಸು ಸೇತುವೆ ದಾಟಿ ರೈಲು ನಿಲ್ದಾಣದ ಕಡೆ ಹೊರಟ ಮೇಲೆ 1540 ಮೆಲ್ಲಗೆ ಕಳಚಿಕೊಳ್ಳುತ್ತದೆ, 660 ಮಾತ್ರ ಸುರಂಗ ಬರುವವರೆಗೂ ಜೊತೆಗಿರುತ್ತದೆ.